ಪ್ರೀತಿಯ ಹಬ್ಬದಲ್ಲಿ ಒಂದು ತುತ್ತು ಕಡಿಮೆ

ಫೆಬ್ರುವರಿ 14 ಹತ್ತಿರವಾಗುತ್ತಿದ್ದಂತೆ ಬೆಂಗಳೂರು, ಪುಣೆಗಳಲ್ಲಷ್ಟೇ ಅಲ್ಲ, ರಾಯಬಾಗ, ಚಿಕ್ಕೋಡಿ, ಅಥಣಿ, ನಿಪ್ಪಾಣಿಗಳಂತಹ ತಾಲೂಕು ಊರುಗಳ ಬೇಕರಿಗಳಲ್ಲಿಯೂ ಹೃದಯಾಕಾರದ ಕೇಕುಗಳು ಕಾಣತೊಡಗಿವೆ. ಹೊಸದಾಗಿ ಮದುವೆಯಾದ ಜೋಡಿಗಳು ಅಂದು ರಾತ್ರಿ ಹೊರಗೆ ಊಟಕ್ಕೆ ಹೋಗುತ್ತಾರೆ. ಚಾಕೊಲೇಟಿನ ಪೆಟ್ಟಿಗೆಗಳು ಕೈಯಿಂದ ಕೈಗೆ ದಾಟುತ್ತವೆ. ಇದನ್ನು ಕಂಡು ಕೆಲವು ಹಿರಿಯರು ಪರದೇಶದ ಹಬ್ಬವೆಂದು ಸಿಡಿಮಿಡಿಗೊಳ್ಳುತ್ತಾರೆ. ಹಳೆಯ ಕಾಲದವರಿಗೆ ಪ್ರೀತಿಯೇ ತಿಳಿಯದೆಂದು ಕಿರಿಯರು ನಗುತ್ತಾರೆ. ಅನೇಕಾಂತದ ದೃಷ್ಟಿಯನ್ನು ಕಲಿತ ಸಮಾಜಕ್ಕೆ ಈ ಎರಡು ಮಾತುಗಳಲ್ಲಿ ಯಾವುದೊಂದೂ ಪೂರ್ಣ ಸತ್ಯವಾಗಿ ತೋರಲಾರದು. ಒಂದು ದಿನ ಪಾಪದ್ದೂ ಅಲ್ಲ, ಪುಣ್ಯದ್ದೂ ಅಲ್ಲ. ಅಂದು ಮನುಷ್ಯನು ಏನು ಮಾಡುತ್ತಾನೆ ಎಂಬುದರ ಮೇಲೆ ಅದರ ಬೆಲೆ ನಿಲ್ಲುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಹಬ್ಬ ಯಾರದು ಎಂಬುದಲ್ಲ. ಆ ಹಬ್ಬದ ತಟ್ಟೆಯಲ್ಲಿ ಏನಿದೆ, ಎಷ್ಟಿದೆ, ಯಾವ ಹೊತ್ತಿನಲ್ಲಿದೆ ಎಂಬುದು.

ಈ ದಿನ ವ್ಯಾಲೆಂಟೈನ್ ಎಂಬ ಸಂತನ ಹೆಸರಿನದು. ಆತ ಮೂರನೆಯ ಶತಮಾನದ ರೋಮಿನವನೆಂದು ಕ್ರೈಸ್ತ ಪರಂಪರೆ ಹೇಳುತ್ತದೆ. ಆತನ ಸ್ಮರಣೆಗೆ ಪ್ರಣಯದ ನಂಟು ಬೆಳೆದದ್ದು ಅನೇಕ ಶತಮಾನಗಳ ಬಳಿಕ, ಮಧ್ಯಯುಗದ ಇಂಗ್ಲೆಂಡಿನ ಕವಿಗಳಿಂದ. ಸಿಹಿತಿಂಡಿಯ ಪೆಟ್ಟಿಗೆ ಅದಕ್ಕೆ ಅಂಟಿಕೊಂಡದ್ದು 19ನೆಯ ಶತಮಾನದ ವ್ಯಾಪಾರದಿಂದ. ಸಂತನ ಹೆಸರಿನ ದಿನವೊಂದು ಅಂಗಡಿಯ ದಿನವಾದ ಬಗೆ ಇದು. ದೀಪಾವಳಿ, ರಕ್ಷಾಬಂಧನಗಳಿಗೂ ಇದೇ ಗತಿ ಬರುತ್ತಿರುವುದನ್ನು ಕಾಣುತ್ತಿರುವಾಗ ಪರರ ಹಬ್ಬವೊಂದನ್ನೇ ಹಳಿಯುವುದು ನ್ಯಾಯವಲ್ಲ. ಭಗವಾನ್ ಮಹಾವೀರರ ನಿರ್ವಾಣದ ದಿನವೂ ಪೇಢೆಯ ಪೊಟ್ಟಣಗಳ ದಿನವಾಗುವುದನ್ನು ತಡೆಯಲಾಗದವರಿಗೆ ಇನ್ನೊಬ್ಬರ ಹಬ್ಬವನ್ನು ತೂಗುವ ಅಧಿಕಾರ ಎಲ್ಲಿಯದು?

ಜೈನ ಶ್ರಾವಕಾಚಾರವು ದಾಂಪತ್ಯದ ಪ್ರೀತಿಯನ್ನು ಎಂದಿಗೂ ಹೀನವೆಂದು ಕಂಡಿಲ್ಲ. ಮುನಿಗಳಿಗೆ ಬ್ರಹ್ಮಚರ್ಯವು ಮಹಾವ್ರತ. ಗೃಹಸ್ಥರಿಗೆ ಅದೇ ಅಣುವ್ರತ. ಆ ಅಣುವ್ರತಕ್ಕೆ ಆಚಾರ್ಯರು ಕೊಟ್ಟ ಇನ್ನೊಂದು ಹೆಸರು ಸ್ವದಾರ ಸಂತೋಷ. ಕೈಹಿಡಿದವಳಲ್ಲಿ, ಕೈಹಿಡಿದವನಲ್ಲಿ ಸಂತೋಷವಾಗಿರುವುದೇ ವ್ರತವೆಂದು ಹೇಳಿದ ಧರ್ಮವಿದು. ಇಲ್ಲಿ 'ಸಂತೋಷ' ಎಂಬ ಪದಕ್ಕೆ ಆನಂದವೆಂಬ ಅರ್ಥವೂ ಉಂಟು, ಇಷ್ಟೇ ಸಾಕೆಂಬ ತೃಪ್ತಿಯ ಅರ್ಥವೂ ಉಂಟು. ಈ ಎರಡೂ ಒಂದೇ ಪದದಲ್ಲಿ ನೆಲೆಸಿರುವುದನ್ನು ಗಮನಿಸಬೇಕು. ಸಾಕೆನ್ನಲು ಬಾರದವನಿಗೆ ಆನಂದವೂ ಬಾರದು. ದಾಂಪತ್ಯಕ್ಕೆ ಸಲ್ಲುವ ಈ ಮಾತು ಊಟಕ್ಕೂ ಸಲ್ಲುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವೆಂಬ ವ್ರತವನ್ನು ಹೇಳಿದೆ. ಒಮ್ಮೆ ಬಳಸಿ ಮುಗಿಯುವ ಅನ್ನಾದಿಗಳು ಭೋಗ. ಮತ್ತೆ ಮತ್ತೆ ಬಳಸುವ ವಸ್ತ್ರಾದಿಗಳು ಉಪಭೋಗ. ಎರಡಕ್ಕೂ ಪರಿಮಾಣ, ಅಂದರೆ ಅಳತೆ, ಇರಬೇಕು. ಭೋಗವೇ ಬೇಡವೆಂದು ಗೃಹಸ್ಥನಿಗೆ ಯಾರೂ ಹೇಳಲಿಲ್ಲ, ಅಳತೆಯಿರಲಿ ಎಂದರು.

ಪ್ರೀತಿ ಮತ್ತು ಊಟ ಇವೆರಡೂ ಒಂದೇ ಚಪ್ಪರದ ಕೆಳಗೆ ಎದುರಾದ ಕಥೆಯೊಂದು ಜೈನರ ಮನೆಮನೆಗೆ ತಿಳಿದಿದೆ. ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥರು ಮದುಮಗನಾಗಿ ಉಗ್ರಸೇನನ ಮಗಳು ರಾಜೀಮತಿಯನ್ನು ವರಿಸಲು ಹೊರಟಿದ್ದರು. ದಾರಿಯಲ್ಲಿ ಕೂಡಿಹಾಕಿದ್ದ ಪ್ರಾಣಿಗಳ ಆರ್ತನಾದ ಕಿವಿಗೆ ಬಿತ್ತು. ವಿಚಾರಿಸಿದಾಗ, ಮದುವೆಯ ಔತಣಕ್ಕೆಂದೇ ಅವನ್ನು ತಂದದ್ದೆಂದು ತಿಳಿಯಿತು. ತನ್ನ ಸಂತೋಷದ ದಿನ ಇಷ್ಟು ಜೀವಿಗಳ ಕೊನೆಯ ದಿನವಾಗುವುದೇ ಎಂದು ಅವರ ಮನಸ್ಸು ಕಲಕಿತು. ರಥ ತಿರುಗಿತು; ಊರ್ಜಯಂತಗಿರಿಯತ್ತ ಸಾಗಿತು. ರಾಜೀಮತಿಯೂ ಅದೇ ದಾರಿ ಹಿಡಿದು ಆರ್ಯಿಕೆಯಾದಳು. ಕನ್ನಡದಲ್ಲಿ ಕರ್ಣಪಾರ್ಯ, ನೇಮಿಚಂದ್ರರಂತಹ ಕವಿಗಳು ಈ ತೀರ್ಥಂಕರರ ಚರಿತೆಯನ್ನು ಪುರಾಣವಾಗಿಸಿದ್ದಾರೆ. ಸಾಮಾನ್ಯವಾಗಿ ಇದನ್ನು ವೈರಾಗ್ಯದ ಕಥೆಯೆಂದೇ ಕೇಳುವುದುಂಟು. ಆದರೆ ಗೃಹಸ್ಥನಿಗೆ ಇದರಲ್ಲಿ ಮತ್ತೊಂದು ಪಾಠವಿದೆ. ನೇಮಿಕುಮಾರರನ್ನು ತಡೆದು ನಿಲ್ಲಿಸಿದ್ದು ಮದುವೆಯಲ್ಲ, ಮದುವೆಯ ಅಡುಗೆ. ಇಬ್ಬರ ಹರ್ಷಕ್ಕೆ ಮೂರನೆಯ ಜೀವಿ ಬೆಲೆ ತೆರುವಂತಾದರೆ ಆ ಹರ್ಷ ಹೇಗೆ ಶುದ್ಧವಾದೀತು ಎಂಬುದೇ ಆ ಪ್ರಶ್ನೆ. ಫೆಬ್ರುವರಿ 14ರ ಸಂಜೆ ಊಟದ ಪಟ್ಟಿಯನ್ನು ಕೈಗೆತ್ತಿಕೊಳ್ಳುವ ಜೋಡಿಗೂ ಆ ಪ್ರಶ್ನೆ ತಪ್ಪಿದ್ದಲ್ಲ.

ಜನ್ನ ಕವಿ ಬರೆದ ಯಶೋಧರ ಚರಿತೆಯಲ್ಲಿ ಇದರ ಇನ್ನೊಂದು ಮುಖವಿದೆ. ರಾಣಿ ಅಮೃತಮತಿ ಮಾವುತನ ಹಾಡಿಗೆ ಮರುಳಾದಳು. ಕಿವಿಯ ಸವಿಯಿಂದ ಹುಟ್ಟಿದ ಆ ಮೋಹ ಬೆಳೆಯುತ್ತ ಹೋಗಿ, ಗಂಡನಿಗೂ ಅತ್ತೆಗೂ ವಿಷದ ಊಟ ಬಡಿಸುವಲ್ಲಿಗೆ ಮುಟ್ಟಿತು. ಇಂದ್ರಿಯದ ಸವಿಯನ್ನೇ ಪ್ರೀತಿಯೆಂದು ತಿಳಿದರೆ ಊಟವೂ ವಿಷವಾದೀತೆಂಬ ಎಚ್ಚರಿಕೆ ಅದರಲ್ಲಿದೆ. ಇಂದಿನ ಮನೆಗಳಲ್ಲಿ ಯಾರೂ ಯಾರಿಗೂ ವಿಷವಿಕ್ಕುವುದಿಲ್ಲ, ನಿಜ. ಆದರೆ ಪ್ರೀತಿಯ ಹೆಸರಿನಲ್ಲಿ ಮೆಲ್ಲಮೆಲ್ಲನೆ ದೇಹವನ್ನು ಕೆಡಿಸುವ ಪದಾರ್ಥವನ್ನು ಬಡಿಸುವುದು ಅಪರೂಪವಲ್ಲ.

ಮೊದಲನೆಯದಾಗಿ ಹೊತ್ತಿನ ವಿಚಾರ. ಫೆಬ್ರುವರಿಯ ಮಧ್ಯದಲ್ಲಿ ರಾಯಬಾಗ ಸೀಮೆಯಲ್ಲಿ ಸೂರ್ಯ ಮುಳುಗುವುದು ಸುಮಾರು ಆರೂವರೆಗೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಊಟ ಮುಗಿಸಬೇಕೆಂಬ ನಿಯಮವನ್ನು ಪಾಲಿಸುವವರು ಐದೂಮುಕ್ಕಾಲಿನೊಳಗೆ ಕೈ ತೊಳೆಯಬೇಕು. ಪ್ರೇಮಿಗಳ ದಿನದ ಹೋಟೆಲಿನ ಊಟ ಆರಂಭವಾಗುವುದೇ ರಾತ್ರಿ ಎಂಟು, ಒಂಬತ್ತಕ್ಕೆ. ರಾತ್ರಿಭೋಜನ ತ್ಯಾಗಕ್ಕೆ ಮೂಲ ಕಾರಣ ಅಹಿಂಸೆ: ದೀಪದ ಬೆಳಕಿಗೆ ಮುತ್ತುವ ಸೂಕ್ಷ್ಮ ಜೀವಿಗಳು ಅನ್ನದಲ್ಲಿ ಬಿದ್ದು ಸಾಯುತ್ತವೆ, ಕಣ್ಣಿಗೆ ಕಾಣುವುದೂ ಇಲ್ಲ. ವಿದ್ಯುದ್ದೀಪ ಬಂದ ಮೇಲೆ ಆ ಕಾರಣ ಹೋಯಿತೆಂದು ವಾದಿಸುವವರು ಮಳೆಗಾಲದಲ್ಲಿ ದೀಪದ ಸುತ್ತ ಹಾರುವ ಹುಳುಗಳನ್ನು ಎಣಿಸಿ ನೋಡಲಿ. ಇದರೊಂದಿಗೆ ದೇಹದ ಹಿತವೂ ಕೂಡಿದೆ. ಹೊಟ್ಟೆ ತುಂಬ ಉಂಡು ಕೂಡಲೇ ಮಲಗಿದರೆ ಎದೆಯುರಿ, ಹುಳಿತೇಗು, ನಿದ್ರಾಭಂಗ ಉಂಟಾಗುತ್ತವೆ. ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸಿರೆಂದು ವೈದ್ಯರು ಹೇಳುವುದನ್ನು ಕೇಳದವರಿಲ್ಲ. ವ್ರತವು ಜೀವದಯೆಗಾಗಿ ಹುಟ್ಟಿತು. ಆರೋಗ್ಯ ಅದರ ನೆರಳಿನಂತೆ ಹಿಂದೆ ಬಂತು.

ಎರಡನೆಯದು ಪದಾರ್ಥದ ವಿಚಾರ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ನಿಶ್ಚಿಂತರಾಗುವವರು ಬಹಳ. ಆದರೆ ಆಹಾರ ಸುರಕ್ಷಾ ನಿಯಮಗಳ ಪ್ರಕಾರ ಜೇನುತುಪ್ಪ ಬೆರೆತ ತಿನಿಸಿಗೂ ಹಸಿರು ಚುಕ್ಕೆಯೇ ಇರುತ್ತದೆ. ಮದ್ಯ, ಮಾಂಸ, ಮಧುಗಳ ತ್ಯಾಗ ಶ್ರಾವಕನ ಮೂಲಗುಣಗಳಲ್ಲಿಯೇ ಸೇರಿದೆ ಎಂಬುದನ್ನು ನೆನೆದರೆ ಆ ಚುಕ್ಕೆಯೊಂದೇ ಸಾಲದೆಂಬುದು ತಿಳಿದೀತು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳಿಗೂ ಅದೇ ಚುಕ್ಕೆ; ಕಂದಮೂಲ ಬಿಟ್ಟವರಿಗೆ ಅದು ಏನನ್ನೂ ಹೇಳದು. ಜೆಲ್ಲಿ ಮಿಠಾಯಿಗಳಲ್ಲಿ ಬಳಸುವ ಜೆಲಟಿನ್ ಪ್ರಾಣಿಗಳ ಚರ್ಮ, ಎಲುಬುಗಳಿಂದ ಬರುವಂಥದು. ಕೆಲವು ಪರದೇಶದ ಚಾಕೊಲೇಟುಗಳ ಒಳಗೆ ಮದ್ಯವನ್ನು ತುಂಬಿರುತ್ತಾರೆ. ಬೇಕರಿಯ ಕೇಕಿನಲ್ಲಿ ಮೊಟ್ಟೆ ಇಲ್ಲವೆಂದು ಹೇಳಿದರೂ ಒಂದೇ ಪಾತ್ರೆ, ಒಂದೇ ಒಲೆ ಇರಬಹುದು. ಉಡುಗೊರೆ ಕೊಡುವವನು ಬಣ್ಣದ ಕಾಗದ ಸುತ್ತುವ ಮೊದಲು ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದರೆ, ಅದೇ ಮೊದಲನೆಯ ಉಡುಗೊರೆ.

ಮೂರನೆಯದು ಅಳತೆ. ಈ ಸೀಮೆಯ ಬದುಕು ಸಿಹಿಯ ಮೇಲೆಯೇ ನಿಂತಿದೆ. ಕೃಷ್ಣಾ ನದಿಯ ಎರಡೂ ದಡಗಳಲ್ಲಿ ಕಬ್ಬು. ಫೆಬ್ರುವರಿಯೆಂದರೆ ಕಾರ್ಖಾನೆಗಳಲ್ಲಿ ನುರಿಸುವ ಹಂಗಾಮು, ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಗಾಣಗಳಿಂದ ಹೊಸ ಬೆಲ್ಲದ ಕಂಪು. ಇಲ್ಲಿನ ಅನೇಕ ಜೈನ ಮನೆತನಗಳು ಕಬ್ಬು ಬೆಳೆಯುವ ಒಕ್ಕಲು ಮನೆತನಗಳೇ. ಸಕ್ಕರೆ ಅನ್ನ ಕೊಟ್ಟ ಬೆಳೆ. ಅದನ್ನು ಶತ್ರುವೆನ್ನುವುದು ಕೃತಘ್ನತೆಯಾದೀತು. ಆದರೂ ಲೆಕ್ಕವನ್ನು ಮರೆಯಲಾಗದು. ದಿನದ ಒಟ್ಟು ಶಕ್ತಿಯಲ್ಲಿ ಬೆರೆಸಿದ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಹಿತವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತಿಳಿಸಿತು. ಎರಡನೆಯ ಅಳತೆಯೆಂದರೆ ವಯಸ್ಕರಿಗೆ ದಿನಕ್ಕೆ ಸುಮಾರು 25 ಗ್ರಾಂ, ಆರು ಸಣ್ಣ ಚಮಚ. ಹಾಲಿನ ಚಾಕೊಲೇಟಿನ ತೂಕದಲ್ಲಿ ಸುಮಾರು ಅರ್ಧ ಸಕ್ಕರೆಯೇ ಇರುತ್ತದೆ. ಕಾಲು ಲೀಟರ್ ಸಿಹಿ ತಂಪುಪಾನೀಯವೊಂದೇ ಆ 25 ಗ್ರಾಮನ್ನು ಮುಗಿಸಿಬಿಡುತ್ತದೆ. ಬೆಲ್ಲವಾದರೆ ಎಷ್ಟಾದರೂ ತಿನ್ನಬಹುದೆಂಬ ನಂಬಿಕೆಯೂ ಸರಿಯಲ್ಲ; ರಕ್ತಕ್ಕೆ ಸೇರಿದಾಗ ಬೆಲ್ಲವೂ ಬಹುಪಾಲು ಸಕ್ಕರೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು ಅಂದಾಜಿಸಿದೆ. ಈ ಸಂಖ್ಯೆಯಲ್ಲಿ ಮಾಂಸ ತಿನ್ನದವರೂ ಮದ್ಯ ಮುಟ್ಟದವರೂ ಇದ್ದಾರೆ. ಸಸ್ಯಾಹಾರವೊಂದೇ ಆರೋಗ್ಯದ ಖಾತರಿಯಲ್ಲ. ಅಳತೆ ಕೂಡಿದಾಗಲೇ ಅದು ಸಾತ್ವಿಕ ಆಹಾರ.

ಅಳತೆಯನ್ನು ಕಲಿಸಲು ಜೈನ ಪರಂಪರೆ ಒಂದು ಸುಂದರ ತಪಸ್ಸನ್ನು ಹೇಳಿದೆ. ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ ಆರು ಬಾಹ್ಯತಪಗಳಲ್ಲಿ ಮೊದಲನೆಯದು ಅನಶನ, ಎರಡನೆಯದು ಅವಮೌದರ್ಯ. ಜನರ ಬಾಯಲ್ಲಿ ಅದೇ ಊನೋದರಿ. ಹೊಟ್ಟೆಗೆ ಸ್ವಲ್ಪ ಕಡಿಮೆ ಉಣ್ಣುವುದು. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ತುತ್ತು ಎಂದು ಪ್ರಾಚೀನರು ಲೆಕ್ಕವಿಟ್ಟಿದ್ದಾರೆ. ಅದರಲ್ಲಿ ಒಂದೇ ಒಂದು ತುತ್ತು ಕಡಿಮೆ ಉಂಡರೂ ಅದು ತಪಸ್ಸು. ಉಪವಾಸ ಮಾಡಲಾಗದ ವೃದ್ಧರು, ರೋಗಿಗಳು, ದುಡಿಯುವವರು ಎಲ್ಲರಿಗೂ ಸಾಧ್ಯವಾಗುವ ತಪಸ್ಸಿದು. ನಾಲ್ಕನೆಯದಾದ ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳಲ್ಲಿ ಒಂದನ್ನೋ ಹೆಚ್ಚನ್ನೋ ಬಿಡುವುದುಂಟು. ವಾರದ ಒಂದೊಂದು ದಿನ ಒಂದೊಂದು ರಸವನ್ನು ಬಿಡುವ ಶ್ರಾವಿಕೆಯರು ಈಗಲೂ ಇದ್ದಾರೆ. ಹಬ್ಬದ ದಿನ ತಪಸ್ಸೇಕೆ ಎಂದು ಕೇಳಬಹುದು. ಉತ್ತರ ಸರಳ: ಹಸಿದಿರುವಾಗ ತಟ್ಟೆ ಖಾಲಿಯಿದ್ದರೆ ಅದು ಬಡತನ; ತಟ್ಟೆ ತುಂಬಿರುವಾಗ ಕೈ ಹಿಂದೆ ಸರಿದರೆ ಅದು ಸಂಯಮ.

ಎಲ್ಲಕ್ಕಿಂತ ಕಠಿಣವಾದ ಸನ್ನಿವೇಶ ಬೇರೊಂದಿದೆ. ಇಬ್ಬರಲ್ಲಿ ಒಬ್ಬರಿಗೆ ವ್ರತವಿದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ? ಒಬ್ಬರಿಗೆ ಸಕ್ಕರೆ ಕಾಯಿಲೆಯಿದ್ದು ಇನ್ನೊಬ್ಬರು ಕೇಕು ತಂದಿದ್ದರೆ? ಉತ್ತರ ಕರ್ನಾಟಕದ ಉಪಚಾರ ಹೆಸರುವಾಸಿಯಾದದ್ದು. ಮದುವೆಯಲ್ಲಿ ಒಡಪು ಹೇಳಿ, ಗಂಡನ ಹೆಸರು ಕೂಡಿಸಿ, ಒಬ್ಬರಿಗೊಬ್ಬರು ತುತ್ತು ಕೊಡಿಸುವ ಸಂಭ್ರಮವನ್ನು ಎಲ್ಲರೂ ಕಂಡವರೇ. ಆ ತುತ್ತು ಒಲವಿನದು. ಆದರೆ ಅದೇ ತುತ್ತು ಮುಂದೆ 'ನನ್ನ ಸಲುವಾಗಿ ಒಂದ ತುತ್ತು ತಿನ್ರಿ' ಎಂಬ ಒತ್ತಾಯವಾಗಿ ಬೆಳೆದಾಗ ಬೇಡವೆನ್ನಲು ಬಾಯಿ ಬಾರದೆ ಎಷ್ಟೋ ಜನ ವ್ರತ ಮುರಿದುಕೊಂಡಿದ್ದಾರೆ, ಪಥ್ಯ ಕೆಡಿಸಿಕೊಂಡಿದ್ದಾರೆ. ಒಲ್ಲೆನೆಂದರೆ ಪ್ರೀತಿಯಿಲ್ಲವೆಂಬ ಆಪಾದನೆ. ತಿಂದರೆ ಮನಸ್ಸಿಗೆ ಕಸಿವಿಸಿ. ಒತ್ತಾಯದಿಂದ ತಿನ್ನಿಸುವವರ ಉದ್ದೇಶ ಒಳ್ಳೆಯದೇ. ಆದರೆ ಇನ್ನೊಬ್ಬರ ಸಂಕಲ್ಪವನ್ನು ನೋಯಿಸುವುದೂ ಸೂಕ್ಷ್ಮವಾದ ಹಿಂಸೆಯೇ. ಜೀವಿಗಳು ಒಂದಕ್ಕೊಂದು ಉಪಕಾರವಾಗಿ ಬಾಳುವುದೇ ಅವುಗಳ ಸ್ವಭಾವವೆಂದು ಉಮಾಸ್ವಾತಿ ಆಚಾರ್ಯರು ಸೂತ್ರವಿಟ್ಟರು. ಆ ಉಪಕಾರ ಮೊದಲು ಮನೆಯ ಒಳಗೆ ನಡೆಯಬೇಕು. ಗಂಡನ ಪಥ್ಯವನ್ನು ನೆನಪಿಟ್ಟುಕೊಳ್ಳುವ ಹೆಂಡತಿ, ಹೆಂಡತಿಯ ವ್ರತದ ಹೊತ್ತನ್ನು ನೆನಪಿಟ್ಟುಕೊಳ್ಳುವ ಗಂಡ: ಇವರಿಗೆ ಪ್ರೇಮದ ದಿನ ವರ್ಷಕ್ಕೊಮ್ಮೆ ಬರುವುದಿಲ್ಲ, ದಿನಕ್ಕೆರಡು ಸಲ ಬರುತ್ತದೆ.

ಇದರ ಇನ್ನೊಂದು ಮಗ್ಗುಲೂ ಅಷ್ಟೇ ಮುಖ್ಯ. ವ್ರತ ಹಿಡಿದವರು ಹಿಡಿಯದವರನ್ನು ಕೀಳಾಗಿ ಕಾಣಬಾರದು. ಕೇಕು ತಂದ ಗಂಡನೆದುರು ಮುಖ ಸಿಂಡರಿಸಿದರೆ ರಾತ್ರಿಭೋಜನ ತಪ್ಪೀತು, ಆದರೆ ಕಷಾಯ ಬೆಳೆದೀತು. ಮಾನ, ಕ್ರೋಧಗಳನ್ನು ಉಂಡವನ ಉಪವಾಸಕ್ಕೆ ಫಲವೆಲ್ಲಿ? 'ಇದನ್ನು ನಾಳೆ ಹಗಲು ಮಕ್ಕಳ ಕೂಡ ಹಂಚಿ ತಿನ್ನೂಣ್ರಿ' ಎಂಬ ಒಂದು ಮೆಲುಮಾತು ಸಾಕು. ವ್ರತವೂ ಉಳಿಯುತ್ತದೆ, ತಂದವರ ಮನಸ್ಸೂ ಉಳಿಯುತ್ತದೆ.

ಒಂದು ದಿನದ ಊಟದಿಂದ ಏನು ಕೆಡುತ್ತದೆ ಎಂಬ ವಾದವನ್ನೂ ಅಲ್ಲಗಳೆಯಬೇಕಾಗಿಲ್ಲ. ಆರೋಗ್ಯವಂತರಿಗೆ ಒಂದು ದಿನದಿಂದ ಹೆಚ್ಚೇನೂ ಕೆಡದು. ಆದರೆ ಇಂದಿನ ವರ್ಷದಲ್ಲಿ ಅಂತಹ 'ಒಂದು ದಿನ'ಗಳು ಎಷ್ಟು? ಹುಟ್ಟುಹಬ್ಬ, ಮದುವೆಯ ವಾರ್ಷಿಕ, ಹೊಸ ವರ್ಷ, ಗೃಹಪ್ರವೇಶ, ಸೀಮಂತ. ಒಂದೊಂದಕ್ಕೂ ಒಂದೊಂದು ಕೇಕು. ದೇಹವು ಹಬ್ಬಗಳ ಹೆಸರು ನೋಡಿ ಲೆಕ್ಕ ಹಾಕುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಕೂಡಿಸುತ್ತದೆ. ಕೆಲಸದ ತೊಡಕೂ ಇದೆ. ಕಾರ್ಖಾನೆಯ ಪಾಳಿ, ಬ್ಯಾಂಕಿನ ಕೆಲಸ ಮುಗಿಸಿ ಮನೆ ಸೇರುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಅಂಥವರು ಅಂದಿನ ಹಬ್ಬದೂಟವನ್ನು ಬೆಳಗಿನ ಹೊತ್ತಿಗೆ ಮಾಡಿಕೊಳ್ಳಬಹುದು, ಹತ್ತಿರದ ರವಿವಾರಕ್ಕೆ ಮುಂದೂಡಬಹುದು. 14 ಎಂಬ ಸಂಖ್ಯೆಗೆ ಯಾವ ಪಾವಿತ್ರ್ಯವೂ ಇಲ್ಲ. ಅದು ಅಷ್ಟಮಿ, ಚತುರ್ದಶಿಗಳಂದು ಬಂದ ವರ್ಷ ಹೀಗೆ ಮುಂದೂಡುವುದೇ ಯೋಗ್ಯ. ವ್ರತವಿಲ್ಲದ ಮನೆಯವರು ಕೂಡ ಅಂದು ಒಂದು ತಾಸು ಬೇಗ, ಸ್ವಲ್ಪ ಹಗುರವಾಗಿ ಉಂಡರೆ ಅವರ ದೇಹವೇ ಕೃತಜ್ಞತೆ ಹೇಳೀತು.

ಹಾಗಾದರೆ ಏನು ಉಣ್ಣಬೇಕು? ಮಾಘ, ಫಾಲ್ಗುಣಗಳಲ್ಲಿ ಈ ನೆಲ ಕೊಡುವುದೇ ಸಾಕಷ್ಟಿದೆ. ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಹೀರೇಕಾಯಿ, ಎಳೆಯ ಸವತೆಕಾಯಿ, ಶೇಂಗಾ ಚಟ್ನಿ, ಹೊಲದಿಂದ ಬಂದ ಹಸಿಕಡಲೆ. ಸಿಹಿ ಬೇಕೆಂದರೆ ಒಂದು ಚಿಕ್ಕ ಶೇಂಗಾ ಹೋಳಿಗೆಯನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳಬಹುದು. ಹತ್ತಿರದ ಗೋಕಾಕದ ಕರದಂಟಿನ ಒಂದು ತುಂಡಾದರೂ ಆದೀತು. ಅಂಟು, ಒಣಹಣ್ಣು, ಬೆಲ್ಲ ಕೂಡಿದ ಅದೂ ಸಿಹಿಯೇ ಆದ್ದರಿಂದ ಒಂದು ತುಂಡು ಎಂಬ ಮಾತನ್ನು ಮರೆಯಬಾರದು. ಮುಖ್ಯವಾದದ್ದು ಅಡುಗೆಯ ಹೆಸರಲ್ಲ, ಅಡುಗೆ ಮಾಡಿದ ಬಗೆ. ಅಂದು ಗಂಡನಾದವನು ಕಾಯಿಪಲ್ಯೆ ಸೋಸಿ, ಕಾಳಿನಲ್ಲಿ ಹುಳವಿದೆಯೇ ಎಂದು ನೋಡಿ, ನೀರು ಸೋಸಿ ಕೊಟ್ಟರೆ ಹೂವಿನ ಗುಚ್ಛಕ್ಕಿಂತ ಹೆಚ್ಚಿನ ಬೆಲೆ ಅದಕ್ಕಿದೆ.

ಜೈನರಲ್ಲಿ ದಂಪತಿಗಳು ಕೂಡಿ ಮಾಡುವ ಅತ್ಯಂತ ಸುಂದರವಾದ ಕಾರ್ಯವೂ ಊಟಕ್ಕೆ ಸಂಬಂಧಿಸಿದ್ದೇ. ಊರಿಗೆ ಮುನಿಗಳು ಬಂದಾಗ ಗಂಡಹೆಂಡಿರು ಮಡಿಯುಟ್ಟು, ಕಲಶ ಹಿಡಿದು, ಬಾಗಿಲಲ್ಲಿ ನಿಂತು ಅವರನ್ನು ಆಹಾರಕ್ಕೆ ಬರಮಾಡಿಕೊಳ್ಳುತ್ತಾರೆ. ದಿನಕ್ಕೊಮ್ಮೆ, ನಿಂತೇ, ಅಂಗೈಯಲ್ಲೇ ಉಣ್ಣುವ ಆ ಮುನಿಗಳಿಗೆ ಒಂದೊಂದು ತುತ್ತನ್ನೂ ಪರೀಕ್ಷಿಸಿ ಇಡುತ್ತಾರೆ. ಮುನಿಗಳು ತಮಗಾಗಿಯೇ ಮಾಡಿದ ಅಡುಗೆಯನ್ನು ಸ್ವೀಕರಿಸುವುದಿಲ್ಲವೆಂಬುದು ನಿಯಮ. ಎಂದರೆ ಮುನಿಗಳಿಗೆ ನೀಡಲು ಯೋಗ್ಯವಾದ ಅನ್ನವನ್ನೇ ಮನೆಯವರು ತಾವೂ ಉಣ್ಣುತ್ತಿರಬೇಕು. ಪ್ರೀತಿಸುವವರಿಗೆ ಬಡಿಸುವ ಊಟಕ್ಕೂ ಇದೇ ಒರೆಗಲ್ಲು ಸಾಕು: ಮುನಿಗಳ ಅಂಗೈಯಲ್ಲಿ ಇಡಲು ಹಿಂಜರಿಯುವ ಪದಾರ್ಥವನ್ನು ಮನೆಯವರ ತಟ್ಟೆಯಲ್ಲಿ ಇಡುವ ಮೊದಲು ಒಂದು ಕ್ಷಣ ಯೋಚಿಸಬೇಕು. ಮುನಿಗಳಿಲ್ಲದ ಊರಿನಲ್ಲಿ ಹಸಿದ ಒಬ್ಬರಿಗೆ, ಒಂಟಿಯಾಗಿರುವ ನೆರೆಮನೆಯ ಹಿರಿಯರಿಗೆ ಅಂದು ಒಂದು ತಟ್ಟೆ ಕಳುಹಿಸಿದರೆ ಇಬ್ಬರ ಪ್ರೀತಿ ಮೂರನೆಯವರಿಗೂ ಮುಟ್ಟುತ್ತದೆ.

ಇದೇ ಫೆಬ್ರುವರಿಗೆ ಈ ಸೀಮೆಯ ಜೈನರ ಮನಸ್ಸಿನಲ್ಲಿ ಇನ್ನೊಂದು ನೆನಪೂ ಸೇರಿದೆ. ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1946ರಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರ ಮಹಾರಾಜರು 2024ರ ಫೆಬ್ರುವರಿ 18ರಂದು ಛತ್ತೀಸಗಢದ ಡೊಂಗರಗಢದ ಚಂದ್ರಗಿರಿಯಲ್ಲಿ ಮೂರು ದಿನಗಳ ಉಪವಾಸದ ಬಳಿಕ ಸಮಾಧಿಯನ್ನು ಸಾಧಿಸಿದರು. ಪ್ರೇಮಿಗಳ ದಿನ ಕಳೆದು ನಾಲ್ಕೇ ದಿನ. ಉಪ್ಪು, ಸಕ್ಕರೆಗಳನ್ನು ಜೀವನಪರ್ಯಂತ ತ್ಯಜಿಸಿದ್ದ ಆ ಮಹಾತಪಸ್ವಿ ಹುಟ್ಟಿದ್ದು ಸಕ್ಕರೆಯ ನಾಡಿನಲ್ಲಿಯೇ. ಗೃಹಸ್ಥರು ಅವರಂತೆ ಬಾಳಲಾರರು. ಬಾಳಬೇಕೆಂದು ಅವರೂ ಹೇಳಲಿಲ್ಲ. ಎಲ್ಲವನ್ನೂ ಬಿಟ್ಟವರನ್ನು ಪೂಜಿಸುವವರು ಒಂದು ತುತ್ತನ್ನು ಬಿಡಲು ಕಲಿತರೆ ಸಾಕು. ಬಿಟ್ಟ ಆ ತುತ್ತಿನಲ್ಲಿ ದೇಹಕ್ಕೆ ಆರೋಗ್ಯವಿದೆ, ಜೀವಿಗಳಿಗೆ ಅಭಯವಿದೆ, ಎದುರು ಕುಳಿತವರ ಮೇಲಿನ ಗೌರವವಿದೆ. ಈ ಫೆಬ್ರುವರಿಯಲ್ಲಿ ಹೊತ್ತು ಮುಳುಗುವ ಮೊದಲು ಒಂದೇ ಚಾಪೆಯ ಮೇಲೆ ಕುಳಿತು, ಮಿತವಾಗಿ ಉಂಡು, ಬೆಳಕಿರುವಾಗಲೇ ಬಸದಿಯ ದರ್ಶನಕ್ಕೆ ನಡೆದು ಹೋಗುವ ದಂಪತಿಗಳನ್ನು ಕಂಡರೆ ಹಿರಿಯರು ಹಬ್ಬ ಯಾರದೆಂದು ಕೇಳದೆ ಹರಸಲಿ.